ಕೆಲಸ ಹೋದಾಗ ಕಾರ್ಡ್ ಸಾಲ, ಪಿಎಫ್, ಇಎಸ್‌ಐ: ಯಾವುದು ಮೊದಲು, ಯಾವುದು ಆಮೇಲೆ

ಎಚ್‌ಆರ್ ಕೋಣೆಗೆ ಕರೆದು ಮುಂದಿಡುವ ಕಾಗದ ಎಷ್ಟೋ ಸಲ ರಾಜೀನಾಮೆ ಪತ್ರವೇ ಆಗಿರುತ್ತದೆ. ಕರ್ನಾಟಕದಿಂದ ಮಹಾರಾಷ್ಟ್ರ, ಗೋವಾಕ್ಕೆ ದುಡಿಯಲು ಬಂದವರಿಗೆ, ಪುಣೆಯ ಹಿಂಜವಡಿಯ ಐಟಿ ಕಂಪನಿಯಿರಲಿ, ಚಾಕಣದ ಬಿಡಿಭಾಗದ ಕಾರ್ಖಾನೆಯಿರಲಿ, ಗೋವಾದ ವೆರ್ಣಾದಲ್ಲಿನ ಔಷಧಿ ಘಟಕವಿರಲಿ, ಹೇಳುವ ಮಾತು ಒಂದೇ: "ನೀವಾಗಿಯೇ ಬಿಟ್ಟೆ ಅಂತ ಬರೆದುಕೊಡಿ, ಮುಂದಿನ ಕೆಲಸಕ್ಕೆ ಒಳ್ಳೆಯದು." ಆ ಕಾಗದಕ್ಕೆ ಅಲ್ಲೇ ಕೂತು ಸಹಿ ಹಾಕಬೇಡಿ. ಮನೆಗೆ ಒಯ್ದು ಓದುತ್ತೇನೆ ಎನ್ನಿ, ಕೇಳಿದ ಮಾತನ್ನು ಅದೇ ದಿನ ನಿಮ್ಮ ಕಡೆಯಿಂದ ಒಂದು ಮೇಲ್ ಮಾಡಿ: "ಇಂದು ಹುದ್ದೆ ತೆಗೆಯಲಾಗಿದೆ ಎಂದು ತಿಳಿಸಿದಿರಿ, ಲಿಖಿತ ಆದೇಶ ಕೊಡಿ."

ಏಕೆಂದರೆ ಮುಂದೆ ಸಿಗಬಹುದಾದ ಹಣದ ಬಹುಪಾಲು ಆ ಒಂದು ಪದದ ಮೇಲೆ ನಿಂತಿದೆ. ನೀವಾಗಿ ಬಿಟ್ಟಿದ್ದೀರಿ ಎಂದಾದರೆ ಕೆಲಸ ಕಡಿತದ ಪರಿಹಾರವಿಲ್ಲ, ಕೆಲಸ ಹೋದರೆ ಕಂತು ಕಟ್ಟುವ ವಿಮೆ ತೆಗೆದುಕೊಂಡಿದ್ದರೆ ಅದೂ ಇಲ್ಲ. ಕಂಪನಿಯೇ ತೆಗೆದರೆ ಲೆಕ್ಕ ಬೇರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ವರ್ಷವಾದರೂ ಸತತ ದುಡಿದ ಕೆಲಸಗಾರನನ್ನು ಕಡಿತ ಮಾಡಲು ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ಮರುಕೌಶಲ ನಿಧಿಯ ಹೆಸರಲ್ಲಿ ಇನ್ನೂ 15 ದಿನದ ವೇತನ 45 ದಿನದೊಳಗೆ ಖಾತೆಗೆ ಬರಬೇಕು. ಮ್ಯಾನೇಜರ್ ದರ್ಜೆಯವರು, ತಿಂಗಳಿಗೆ ₹18,000 ದಾಟಿದ ಮೇಲ್ವಿಚಾರಕರು ಈ "ಕೆಲಸಗಾರ" ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದರೆ ಕಾರ್ಡಿನ ಮೇಲೆ ಬರೆದ ಹುದ್ದೆಯ ಹೆಸರಿಗಿಂತ ನೀವು ನಿಜವಾಗಿ ಮಾಡುತ್ತಿದ್ದ ಕೆಲಸವೇನು ಎಂಬುದನ್ನೇ ನೋಡುತ್ತಾರೆ. ಹೆಸರಿಗೆ "ಟೀಮ್ ಲೀಡ್" ಎಂದಿದ್ದ ಮಾತ್ರಕ್ಕೆ ಕೈಬಿಡಬೇಡಿ.

ಕೊನೆಯ ಸಂಬಳ, ಬಾಕಿಗಳು ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ಸಿಗಬೇಕು ಎಂದು ವೇತನ ಸಂಹಿತೆ ಹೇಳುತ್ತದೆ. ಕಂಪನಿಗಳು "ಫುಲ್ ಅಂಡ್ ಫೈನಲ್‌ಗೆ 45 ದಿನ" ಎನ್ನುವುದು ಹಳೆಯ ರೂಢಿ. ಗೇಟು ದಾಟುವ ಮೊದಲು ಕಂಪನಿಯ ಮೇಲ್ ಮುಚ್ಚಿಬಿಡುತ್ತಾರೆ, ಹಾಗಾಗಿ ಕೊನೆಯ ಆರು ತಿಂಗಳ ಸಂಬಳದ ಚೀಟಿ, ನೇಮಕಾತಿ ಪತ್ರ, ಫಾರ್ಮ್ 16, ಪಿಎಫ್‌ನ ಯುಎಎನ್ (ಸದಸ್ಯ ಸಂಖ್ಯೆ), ಇಎಸ್‌ಐ (ನೌಕರರ ರಾಜ್ಯ ವಿಮೆ) ವಿಮಾ ಸಂಖ್ಯೆ, ಗುಂಪು ಆರೋಗ್ಯ ವಿಮೆಯ ಪಾಲಿಸಿ ಸಂಖ್ಯೆ ಇಷ್ಟನ್ನು ಸ್ವಂತ ಮೇಲ್‌ಗೆ ಅಥವಾ ಪ್ರಿಂಟಿಗೆ ತೆಗೆದುಕೊಳ್ಳಿ. ಗುಂಪು ವಿಮೆ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಿಸಿಕೊಡಿ ಎಂದು ಅದಕ್ಕೂ ಮೊದಲೇ ಕೇಳಿದರೆ ಹಳೆಯ ಕಾಯಿಲೆಗಳ ಕಾಯುವ ಅವಧಿ ಮತ್ತೆ ಸೊನ್ನೆಯಿಂದ ಶುರುವಾಗದಂತೆ ನೋಡಿಕೊಳ್ಳಬಹುದು.

ಕಾರ್ಡ್: ಮೊದಲ ತಾರೀಖು ತಪ್ಪುವ ಮುನ್ನ

ಕಾರ್ಡಿನ ಬಾಕಿ ₹1,20,000 ಇದೆ, ಬಡ್ಡಿ ತಿಂಗಳಿಗೆ ಶೇ. 3.5 ಎಂದುಕೊಳ್ಳಿ. ಒಂದು ತಿಂಗಳ ಬಡ್ಡಿ ₹4,200. ಅದರ ಮೇಲೆ ಶೇ. 18 ಜಿಎಸ್‌ಟಿ ₹756. ಒಟ್ಟು ₹4,956. ಕನಿಷ್ಠ ಮೊತ್ತ ಶೇ. 5 ಎಂದರೆ ₹6,000 ಕಟ್ಟುತ್ತೀರಿ, ಅಸಲಿನಿಂದ ಕಡಿಮೆಯಾಗುವುದು ₹1,044. ಕನಿಷ್ಠ ಮೊತ್ತ ಕಟ್ಟಿದರೆ ಬ್ಯಾಂಕಿನ ಫೋನು ಬರುವುದಿಲ್ಲ, ಅಷ್ಟೇ ಅದರ ಪ್ರಯೋಜನ. ಹಳೆಯ ಬಾಕಿ ಉಳಿದಿರುವವರೆಗೆ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ನೂರು ರೂಪಾಯಿಯ ತರಕಾರಿಗೂ ಖರೀದಿಸಿದ ದಿನದಿಂದಲೇ ಬಡ್ಡಿ ಓಡುತ್ತದೆ.

ಇದೇ ₹1,20,000ವನ್ನು ವರ್ಷಕ್ಕೆ ಶೇ. 16ರಂತೆ 24 ತಿಂಗಳ ಇಎಂಐಗೆ ಬದಲಿಸಿದರೆ ಕಂತು ಸುಮಾರು ₹5,876. ಬಡ್ಡಿಯ ಭಾಗಕ್ಕೆ ಜಿಎಸ್‌ಟಿ ಸೇರಿ ಮೊದಲ ಕಂತು ₹6,164 ಆಗುತ್ತದೆ, ಆಮೇಲೆ ತುಸು ಇಳಿಯುತ್ತ ಹೋಗುತ್ತದೆ. ಕನಿಷ್ಠ ಮೊತ್ತದಷ್ಟೇ ದುಡ್ಡು, ಆದರೆ ಎರಡು ವರ್ಷಕ್ಕೆ ಸಾಲ ಮುಗಿದಿರುತ್ತದೆ.

ಇಲ್ಲಿ ಎಡವುವುದು ಸಮಯದಲ್ಲಿ. ಇಎಂಐಗೆ ಬದಲಿಸುವ ಅವಕಾಶ ಆ್ಯಪ್‌ನಲ್ಲಿ ಕಾಣಿಸುವುದು ನಿಮ್ಮ ಹಿಂದಿನ ಪಾವತಿ ನೋಡಿ. ಒಂದು ತಾರೀಖು ತಪ್ಪಿತೆಂದರೆ ಅದು ಮಾಯವಾಗಬಹುದು, ಆಮೇಲೆ ಫೋನಿನಲ್ಲಿ ಅಂಗಲಾಚಬೇಕು. ಸಂಬಳ ನಿಂತ ತಿಂಗಳಲ್ಲೇ, ಬಿಲ್ಲಿನ ಕೊನೆಯ ದಿನಕ್ಕೆ ಮೊದಲು, ಇದನ್ನು ಮಾಡಿ ಮುಗಿಸಿ. ಅರ್ಜಿಯಲ್ಲಿ ಉದ್ಯೋಗದ ಬಗ್ಗೆ ಕೇಳಿದರೆ ಇದ್ದುದನ್ನೇ ಬರೆಯಿರಿ. ಸುಳ್ಳು ಬರೆದು ಪಡೆದ ಸಾಲ ಮುಂದೆ ಬೇರೆಯದೇ ಮೊಕದ್ದಮೆಗೆ ದಾರಿ. ಪ್ರೊಸೆಸಿಂಗ್ ಶುಲ್ಕ ಎಷ್ಟು, ಮೊದಲೇ ತೀರಿಸಿದರೆ ದಂಡ ಎಷ್ಟು ಎಂಬ ಎರಡು ಪ್ರಶ್ನೆ ಮಾತ್ರ ಮರೆಯದೆ ಕೇಳಿ.

ಮನೆಯಲ್ಲಿ ಚಿನ್ನವಿದ್ದು, ಮೂರು ನಾಲ್ಕು ತಿಂಗಳಲ್ಲಿ ಕೆಲಸ ಸಿಗುವ ಭರವಸೆ ನಿಜಕ್ಕೂ ಇದ್ದರೆ ಬ್ಯಾಂಕಿನ ಚಿನ್ನದ ಸಾಲ ಇನ್ನೂ ಅಗ್ಗ. ಭರವಸೆ ಇಲ್ಲದಿದ್ದರೆ ಮುಟ್ಟಬೇಡಿ. ಕಾರ್ಡ್ ಸಾಲಕ್ಕೆ ಅಡವಿಲ್ಲ, ಅದನ್ನು ತೀರಿಸಲು ಹೋಗಿ ತಾಳಿಸರವನ್ನು ಅಡವಿಗೆ ಒಡ್ಡಿದಂತಾಗುತ್ತದೆ, ಕಂತು ತಪ್ಪಿದರೆ ಹರಾಜಾಗುವುದು ಸರ.

ಒಂದು ಕಾರ್ಡಿನಿಂದ ಇನ್ನೊಂದನ್ನು ತೀರಿಸುವ ಆಟ, ಪರಿಚಯದ ಅಂಗಡಿಯಲ್ಲಿ ಸ್ವೈಪ್ ಮಾಡಿ ಶೇ. 2ರಿಂದ 3 ಕೊಟ್ಟು ನಗದು ಪಡೆಯುವುದು, ಆ್ಯಪ್ ಮೂಲಕ ಬಾಡಿಗೆಯನ್ನು ಕಾರ್ಡಿಗೆ ಹಾಕುವುದು: ಮೂರೂ ಒಂದೇ ಗುಂಡಿ. ಎಟಿಎಂನಲ್ಲಿ ಕಾರ್ಡಿನಿಂದ ನಗದು ತೆಗೆದರೆ ಶುಲ್ಕವೂ ಉಂಟು, ಆ ಕ್ಷಣದಿಂದ ಬಡ್ಡಿಯೂ ಉಂಟು. ಕಾರ್ಡನ್ನು ಪರ್ಸಿನಿಂದ ತೆಗೆದಿಟ್ಟರೆ ಸಾಲದು, ಒಟಿಟಿ, ಕರೆಂಟು, ಮಕ್ಕಳ ಆನ್‌ಲೈನ್ ಕ್ಲಾಸು ಎಂದು ಅದಕ್ಕೆ ಕಟ್ಟಿಹಾಕಿದ ಸ್ವಯಂ ಪಾವತಿಗಳನ್ನು ಒಂದೊಂದಾಗಿ ರದ್ದು ಮಾಡಿ.

ಇನ್ನೊಂದು ಸಂಗತಿ, ಬಹಳ ಜನಕ್ಕೆ ತಡವಾಗಿ ತಿಳಿಯುವುದು: ಕಾರ್ಡ್ ಕೊಟ್ಟ ಬ್ಯಾಂಕಿನಲ್ಲೇ ಉಳಿತಾಯ ಖಾತೆಯಿದ್ದರೆ, ಬಾಕಿಗೆ ಆ ಖಾತೆಯ ಹಣವನ್ನು ಹೊಂದಿಸಿಕೊಳ್ಳುವ ಹಕ್ಕನ್ನು ಬ್ಯಾಂಕುಗಳು ಕಾರ್ಡಿನ ಷರತ್ತಿನಲ್ಲೇ ಬರೆದುಕೊಂಡಿರುತ್ತವೆ. ಕಂಪನಿ ತೆರೆದುಕೊಟ್ಟ ಸಂಬಳದ ಖಾತೆ, ಅದೇ ಬ್ಯಾಂಕಿನ ಕಾರ್ಡ್, ಅದೇ ಖಾತೆಗೆ ಪಿಎಫ್: ಮುಂಬೈ, ಪುಣೆಯಲ್ಲಿ ಇದು ಮಾಮೂಲಿ ಜೋಡಣೆ. ಕ್ಲೇಮ್ ಹಾಕುವ ಮೊದಲು ಸಾಲವಿಲ್ಲದ ಬೇರೊಂದು ಬ್ಯಾಂಕಿನ ಖಾತೆಯನ್ನು ಪಿಎಫ್ ಕೆವೈಸಿಗೆ ಸೇರಿಸಿ. ಅದು ಒಪ್ಪಿಗೆಯಾಗಲು ಕೆಲವು ದಿನ ಹಿಡಿಯುತ್ತದೆ.

ಪಿಎಫ್: ಹೆಸರೇ ಗಂಟು

ಕೆಲಸ ಹೋದವರ ಪಿಎಫ್ ನಿಯಮವನ್ನು ಪಿಎಫ್ ನಡೆಸುವ ಸಂಸ್ಥೆಯಾದ ಇಪಿಎಫ್‌ಒದ ಟ್ರಸ್ಟಿಗಳ ಮಂಡಳಿ 2025ರ ಅಕ್ಟೋಬರ್‌ನಲ್ಲಿ ಬದಲಿಸಲು ತೀರ್ಮಾನಿಸಿತು: ಶೇ. 75 ಕೂಡಲೇ, ಉಳಿದ ಶೇ. 25 ಹನ್ನೆರಡು ತಿಂಗಳು ಕೆಲಸವಿಲ್ಲದೆ ಕಳೆದರೆ, ಪಿಂಚಣಿ ಭಾಗ 36 ತಿಂಗಳ ಬಳಿಕ. ಅದಕ್ಕೂ ಹಿಂದಿನ ಲೆಕ್ಕದಲ್ಲಿ ಒಂದು ತಿಂಗಳಿಗೆ ಶೇ. 75, ಎರಡು ತಿಂಗಳಿಗೆ ಪೂರ್ತಿ. ಎರಡರಲ್ಲೂ ಸಿಗುವುದು ಶೇ. 75. ಮನೆಯ ಬಜೆಟ್ಟನ್ನು ಅಷ್ಟರ ಮೇಲೆಯೇ ಕಟ್ಟಿ, ಮಿಕ್ಕದ್ದನ್ನು ಇಲ್ಲವೆಂದೇ ತಿಳಿಯಿರಿ.

ಕರ್ನಾಟಕದಿಂದ ಬಂದವರ ಕ್ಲೇಮ್ ಸಿಕ್ಕಿಬೀಳುವುದು ಮುಖ್ಯವಾಗಿ ಹೆಸರಿನಲ್ಲಿ. ಊರಲ್ಲಿ ಮಾಡಿಸಿದ ಆಧಾರ್‌ನಲ್ಲಿ "ಮಂಜುನಾಥ ಬಿ. ಎಚ್." ಇರುತ್ತದೆ. ಇಲ್ಲಿನ ಕಂಪನಿಯ ಗುಮಾಸ್ತ ಮಹಾರಾಷ್ಟ್ರದ ಪದ್ಧತಿಯಂತೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಸೇರಿಸಿ "ಮಂಜುನಾಥ ಬಸಪ್ಪ ಹೂಗಾರ" ಎಂದು ದಾಖಲಿಸಿರುತ್ತಾನೆ. ಪ್ಯಾನ್‌ನಲ್ಲಿ ಮೂರನೆಯದೇ ರೂಪ. ಪಿಎಫ್‌ಗೆ ಬೇಕಾದದ್ದು ಆಧಾರ್‌ನಲ್ಲಿ ಇದ್ದಂತೆ, ಇನಿಷಿಯಲ್ ಸಮೇತ ಅಕ್ಷರಕ್ಕೆ ಅಕ್ಷರ. ತಿದ್ದುವುದಕ್ಕೆ ಪಿಎಫ್ ಪೋರ್ಟಲಿನಲ್ಲಿ ಜಾಯಿಂಟ್ ಡಿಕ್ಲರೇಷನ್ ಎಂಬ ಅರ್ಜಿ ಇದೆ. 2017ರ ಅಕ್ಟೋಬರ್ 1ರ ನಂತರ ಬಂದ, ಆಧಾರ್ ತಾಳೆಯಾದ ಯುಎಎನ್ ಇದ್ದರೆ ಬಹುತೇಕ ತಿದ್ದುಪಡಿಯನ್ನು ಕಂಪನಿಯ ಕೈಹಿಡಿಯದೆ ನೀವೇ ಮಾಡಬಹುದು. ಹಳೆಯ ಯುಎಎನ್ ಆದರೆ ಕಂಪನಿಯ ಒಪ್ಪಿಗೆ ಬೇಕು. ಅದಕ್ಕೇ ಇದನ್ನು ಎಚ್‌ಆರ್ ಇನ್ನೂ ಫೋನ್ ಎತ್ತುವ ವಾರದಲ್ಲೇ ಮುಗಿಸಿ.

ಎರಡನೇ ಗಂಟು ಕೆಲಸ ಬಿಟ್ಟ ದಿನಾಂಕ. ಕಂಪನಿ ಅದನ್ನು ನಮೂದಿಸದಿದ್ದರೆ ಕ್ಲೇಮ್ ಪುಟದಲ್ಲಿ ಅಂತಿಮ ಇತ್ಯರ್ಥದ ಆಯ್ಕೆಯೇ ತೆರೆಯುವುದಿಲ್ಲ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ "ಮ್ಯಾನೇಜ್" ಅಡಿಯ "ಮಾರ್ಕ್ ಎಕ್ಸಿಟ್"ನಲ್ಲಿ ನೀವೇ ಹಾಕಬಹುದು. ಕೊನೆಯ ವಂತಿಗೆಯ ತಿಂಗಳೊಳಗಿನ ದಿನಾಂಕವನ್ನೇ ಕೊಡಿ, ತಪ್ಪಿದರೆ ತಿದ್ದುವುದು ರಗಳೆ.

ಭಾಗಶಃ ಹಣಕ್ಕೆ ಫಾರ್ಮ್ 31, ಅಂತಿಮಕ್ಕೆ 19, ಪಿಂಚಣಿ ಭಾಗಕ್ಕೆ 10ಸಿ. ಹತ್ತು ವರ್ಷ ಸೇವೆ ದಾಟಿದವರಿಗೆ ಪಿಂಚಣಿ ಹಣ ಕೈಗೆ ಬರುವುದಿಲ್ಲ. ಸ್ಕೀಮ್ ಸರ್ಟಿಫಿಕೇಟ್ ಪಡೆದಿಡಿ, 58ಕ್ಕೆ ಪಿಂಚಣಿಯಾಗುತ್ತದೆ. ಕಂಪನಿಗೆ ಸ್ವಂತ ಪಿಎಫ್ ಟ್ರಸ್ಟ್ ಇದ್ದರೆ ಪಿಎಫ್ ಭಾಗದ ಅರ್ಜಿ ಟ್ರಸ್ಟಿಗೆ ಹೋಗಬೇಕು.

ಐದು ವರ್ಷ ತುಂಬದೆ ₹50,000 ಅಥವಾ ಹೆಚ್ಚು ತೆಗೆದರೆ ಶೇ. 10 ತೆರಿಗೆ ಮೂಲದಲ್ಲೇ ಕಡಿತ. ಆ ವರ್ಷ ತೆರಿಗೆ ಬಾರದಷ್ಟೇ ಆದಾಯವಿದ್ದರೆ, 15ಜಿ ಎಂದು ಎಲ್ಲರೂ ಕರೆಯುವ ಸ್ವಯಂ ಘೋಷಣೆ ಸೇರಿಸಿ. ಐದು ವರ್ಷದ ಎಣಿಕೆಯಲ್ಲಿ ಹಿಂದಿನ ಕಂಪನಿಯ ಸೇವೆಯೂ ಸೇರುತ್ತದೆ, ಆದರೆ ಆ ಖಾತೆಯನ್ನು ಇದಕ್ಕೆ ವರ್ಗಾಯಿಸಿಕೊಂಡಿದ್ದರೆ ಮಾತ್ರ. ಕಂಪನಿ ಮುಚ್ಚಿದ್ದರಿಂದ ಅಥವಾ ನಿಮ್ಮ ಕೈಮೀರಿದ ಕಾರಣದಿಂದ ಕೆಲಸ ಹೋಗಿದ್ದರೆ ಐದು ವರ್ಷ ತುಂಬದಿದ್ದರೂ ಆ ಹಣಕ್ಕೆ ತೆರಿಗೆಯಿಲ್ಲ. ಮೊದಲ ದಿನ ಕೇಳಿ ಪಡೆದ ಲಿಖಿತ ಆದೇಶ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ದೂರು ಹಾಕಲು ಇಪಿಎಫ್‌ಐಜಿಎಂಎಸ್ ಪೋರ್ಟಲ್ ಇದೆ. ಯಾವ ಕಚೇರಿ ಎಂಬುದು ನಿಮ್ಮ ಮೆಂಬರ್ ಐಡಿಯ ಮೊದಲ ಅಕ್ಷರಗಳಲ್ಲೇ ಇರುತ್ತದೆ: ಎಂಎಚ್‌ಬಿಎಎನ್ ಎಂದರೆ ಬಾಂದ್ರಾ, ಟಿಎಚ್‌ವಿಎಸ್‌ಎಚ್ ಎಂದರೆ ವಾಶಿ, ಪಿಯುಪಿಯುಎನ್ ಎಂದರೆ ಪುಣೆ. ಡೊಂಬಿವಲಿಯಲ್ಲಿ ಮನೆಯಿದೆ ಎಂದು ಠಾಣೆ ಕಚೇರಿಗೆ ಹೋಗಿ ದಿನ ಕಳೆಯುವವರಿದ್ದಾರೆ. ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಯುವ "ನಿಧಿ ಆಪ್ಕೆ ನಿಕಟ್" ಶಿಬಿರದಲ್ಲಿ ಅಧಿಕಾರಿಯ ಎದುರೇ ಕೂತು ಕೇಳಬಹುದು.

ಇಎಸ್‌ಐ ಮತ್ತು ಗ್ರಾಚ್ಯುಟಿ

ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಕಂಡರೆ, ಅಂದರೆ ತಿಂಗಳ ವೇತನ ₹21,000ದೊಳಗಿದ್ದರೆ, ನಿರುದ್ಯೋಗ ಭತ್ಯೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯ ಪುಟವನ್ನು ಇಎಸ್‌ಐ ಪೋರ್ಟಲಿನಲ್ಲಿ ತೆರೆದು ನೋಡಿ. ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದ ಯೋಜನೆ ಇದು, ಅರ್ಜಿ ಹಾಕುವ ದಿನ ಜಾರಿಯಲ್ಲಿರಬೇಕು. ಜೀವನದಲ್ಲಿ ಒಮ್ಮೆ, ಗರಿಷ್ಠ 90 ದಿನ, ದಿನದ ಸರಾಸರಿ ಗಳಿಕೆಯ ಅರ್ಧ. ₹20,000 ಸಂಬಳದವರ ಲೆಕ್ಕ: ಎರಡು ವರ್ಷದ ಗಳಿಕೆ ₹4,80,000ವನ್ನು 730ರಿಂದ ಭಾಗಿಸಿದರೆ ದಿನಕ್ಕೆ ₹657, ಅರ್ಧ ₹329ರ ಆಸುಪಾಸು, 90 ದಿನಕ್ಕೆ ಸುಮಾರು ₹29,600. ಎರಡು ವರ್ಷ ವಿಮಾ ಕೆಲಸದಲ್ಲಿರಬೇಕು, ಕೊನೆಯ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ, ಅದರ ಹಿಂದಿನ ಮೂರು ಅವಧಿಗಳಲ್ಲಿ ಒಂದರಲ್ಲಾದರೂ 78 ದಿನ ವಂತಿಗೆ ಬಿದ್ದಿರಬೇಕು. ಕೆಲಸ ಹೋಗಿ 30 ದಿನವಾದ ಮೇಲೆ ಅರ್ಜಿ, ಕಂಪನಿಯ ಮೂಲಕ ಹೋಗಬೇಕಿಲ್ಲ. ದುರ್ನಡತೆಗೆ ಶಿಕ್ಷೆಯಾಗಿ ತೆಗೆದವರಿಗೆ, ನಿವೃತ್ತಿ ಮತ್ತು ಸ್ವಯಂ ನಿವೃತ್ತಿಯವರಿಗೆ ಇಲ್ಲ. ಕಾರ್ಖಾನೆಯೇ ಮುಚ್ಚಿದ್ದರೆ ಅಥವಾ ಕಡಿತವಾಗಿದ್ದರೆ 2005ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯನ್ನೂ ಕೇಳಿ, ಅದು 24 ತಿಂಗಳವರೆಗಿನದು.

ದುಡ್ಡಿಗಿಂತ ದೊಡ್ಡದು ಆಸ್ಪತ್ರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ ಸೌಲಭ್ಯ. ಅಂದರೆ ಆಗಸ್ಟ್‌ನಲ್ಲಿ ಕೆಲಸ ಹೋದವರು 78 ದಿನ ತುಂಬಿಸಿದ್ದರೆ ಮುಂದಿನ ಜೂನ್‌ವರೆಗೂ ಬಿಬ್ವೇವಾಡಿಯಲ್ಲೋ ಕಾಂದಿವಲಿಯಲ್ಲೋ ಮಡಗಾಂವ್‌ನಲ್ಲೋ ಇರುವ ಇಎಸ್‌ಐ ಆಸ್ಪತ್ರೆಯಲ್ಲಿ ಮನೆಮಂದಿಯನ್ನು ತೋರಿಸಬಹುದು. "ಕೆಲಸ ಹೋಯ್ತು, ಕಾರ್ಡು ನಡೆಯಲ್ಲ" ಎಂದು ಕೌಂಟರಿನಲ್ಲಿ ಯಾರಾದರೂ ಅಂದರೆ ನಂಬಿ ಹಿಂದಿರುಗಬೇಡಿ, ಅರ್ಹತೆಯ ಪುಟ ತೆರೆದು ತೋರಿಸಿ.

ಗ್ರಾಚ್ಯುಟಿಯ ಲೆಕ್ಕ ಸರಳ: ಕೊನೆಯ ಮೂಲ ವೇತನ ಮತ್ತು ಡಿಎ, ಅದಕ್ಕೆ 15, ಅದಕ್ಕೆ ಸೇವೆಯ ವರ್ಷ ಗುಣಿಸಿ 26ರಿಂದ ಭಾಗಿಸಿ. ₹26,000 ಮೂಲ ವೇತನ, ಏಳು ವರ್ಷವಾದರೆ ₹1,05,000. ಕಾಯಂ ನೌಕರರಿಗೆ ಐದು ವರ್ಷ ಬೇಕು, ನಿಗದಿತ ಅವಧಿಯ ಗುತ್ತಿಗೆಯವರಿಗೆ ಹೊಸ ಸಂಹಿತೆಯಲ್ಲಿ ಒಂದೇ ವರ್ಷ ಸಾಕು. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದೊಳಗೆ ಕೊಡದಿದ್ದರೆ ಬಡ್ಡಿ ಸೇರುತ್ತದೆ. ದೂರಿಗೆ ಮುಂಬೈಯಲ್ಲಿ ಬಾಂದ್ರಾ ಕುರ್ಲಾ ಸಂಕುಲದ ಕಾಮಗಾರ್ ಭವನ, ಗೋವಾದಲ್ಲಿ ಪಣಜಿಯ ಪಾಟೊದಲ್ಲಿರುವ ಶ್ರಮ ಶಕ್ತಿ ಭವನ.

ಬಂದ ದುಡ್ಡು ಯಾರಿಗೆ ಮೊದಲು

ಪಿಎಫ್‌ಗೆ ಶೇ. 8 ಚಿಲ್ಲರೆ ಬಡ್ಡಿ, ಕಾರ್ಡಿಗೆ ಶೇ. 42. ಪಿಎಫ್ ತೆಗೆದು ಕಾರ್ಡಿಗೆ ಸುರಿ ಎನ್ನುತ್ತದೆ ಗಣಿತ. ಆದರೆ ಹಾಗೆ ಸುರಿದು ಕೈ ಬರಿದಾದವರು ಮೂರನೇ ತಿಂಗಳು ಬಾಡಿಗೆಗೆ ಮತ್ತೆ ಅದೇ ಕಾರ್ಡನ್ನು ಉಜ್ಜುತ್ತಾರೆ. ಮೊದಲು ಆರು ತಿಂಗಳ ಬಾಡಿಗೆ, ರೇಷನ್, ಶಾಲೆಯ ಫೀ, ವಿಮೆಯ ಕಂತು ತೆಗೆದಿಡಿ. ಮಿಕ್ಕಿದ್ದರೆ ಕಾರ್ಡಿಗೆ. ಇಪಿಎಫ್‌ಒ ಬಳಿ ಇರುವ ಪಿಎಫ್ ಹಣವನ್ನು ಸಾಲಗಾರರು ಕೋರ್ಟಿನ ಆದೇಶ ತಂದರೂ ಜಪ್ತಿ ಮಾಡುವಂತಿಲ್ಲ, ನಿಮ್ಮ ಉಳಿತಾಯ ಖಾತೆಗೆ ಬಂದು ಬಿದ್ದ ಮೇಲೆ ಆ ರಕ್ಷಣೆಯನ್ನು ನೆಚ್ಚಲಾಗದು. ಬೇಕಾದಷ್ಟನ್ನೇ ತೆಗೆಯಿರಿ.

ಎಲ್ಲರಿಗೂ ಕೊಡಲು ಸಾಲದಿದ್ದರೆ ಈ ಸರದಿ ಇಟ್ಟುಕೊಳ್ಳಿ: ಮನೆ ಮತ್ತು ಚಿನ್ನದ ಸಾಲ ಮೊದಲು, ಆಮೇಲೆ ಪತ್‌ಪೇಢಿ (ಪತ್ತಿನ ಸಹಕಾರಿ ಸಂಘ), ಕೊನೆಗೆ ಕಾರ್ಡ್ ಮತ್ತು ವೈಯಕ್ತಿಕ ಸಾಲ. ಪತ್‌ಪೇಢಿಗೆ ಇಷ್ಟು ಮೇಲಿನ ಸ್ಥಾನ ಏಕೆಂದರೆ, ಅಲ್ಲಿ ನಿಮಗೆ ಜಾಮೀನು ನಿಂತವರು ಊರಿನವರೋ ಜೊತೆಗೆ ದುಡಿದವರೋ ಆಗಿರುತ್ತಾರೆ, ಮತ್ತು ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ 101ನೇ ಕಲಮಿನಡಿ ಪತ್‌ಪೇಢಿ ಸಿವಿಲ್ ಕೋರ್ಟಿಗೆ ಹೋಗದೆಯೇ ವಸೂಲಿ ದಾಖಲೆ ಪಡೆಯಬಹುದು. ಕುತ್ತಿಗೆಗೆ ಬರುವುದು ಜಾಮೀನುದಾರನ ಸಂಬಳ. ಭಿಶಿಯ, ಅಂದರೆ ಚೀಟಿಯ, ಕಂತು ಉಳಿದಿದ್ದರೆ ನಡೆಸುವವರಿಗೆ ಮೊದಲೇ ಹೇಳಿ, ಅದು ಕಾಗದವಿಲ್ಲದ ವ್ಯವಹಾರ, ಮುಖವೇ ಭದ್ರತೆ.

ಕಾರ್ಡನ್ನು ಕೊನೆಗೆ ಇಡುವುದಕ್ಕೆ ಬೆಲೆ ಇದೆ. ಕ್ರೆಡಿಟ್ ವರದಿ ಕೆಡುತ್ತದೆ, ಬ್ಯಾಂಕು, ಹಣಕಾಸು ಕಂಪನಿಗಳಲ್ಲಿ ಕೆಲಸ ಹುಡುಕುವವರಿಗೆ ಅದೇ ಅಡ್ಡಿಯಾಗಬಹುದು. ಗೊತ್ತಿದ್ದು ತೆಗೆದುಕೊಳ್ಳುವ ನಿರ್ಧಾರ ಇದಾಗಲಿ.

ಫೋನು, ಏಜೆಂಟು, ನೋಟಿಸು

ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚಾದ ಮೇಲಷ್ಟೇ ತಡದ ಶುಲ್ಕ ಹಾಕಬಹುದು. 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಪಟ್ಟಿಗೆ. ಅಷ್ಟರೊಳಗೆ ವಸೂಲಿ ಏಜೆಂಟರ ಕರೆ ಶುರುವಾಗಿರುತ್ತದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಅವರು ಕರೆ ಮಾಡುವಂತಿಲ್ಲ. ಮನೆಯವರನ್ನು, ಗೆಳೆಯರನ್ನು, ಸೊಸೈಟಿಯ ವಾಚ್‌ಮನ್‌ನನ್ನು ಬೆದರಿಸುವಂತಿಲ್ಲ, ಮರ್ಯಾದೆ ಕಳೆಯುವಂತಿಲ್ಲ. 2022ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿ ಇದು ಸ್ಪಷ್ಟವಿದೆ. ಏಜೆನ್ಸಿಯ ಹೆಸರು, ಕರೆಯ ವೇಳೆ ಬರೆದಿಟ್ಟು ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ದೂರು ಕೇಳುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ, ಅದರ ಸಿಎಂಎಸ್ ಪೋರ್ಟಲ್ ಮೂಲಕ. ಶುಲ್ಕವಿಲ್ಲ, ವಿಚಾರಣೆಗೆ 14448.

"ಪೊಲೀಸರು ಬರ್ತಾರೆ" ಎಂಬ ಬೆದರಿಕೆಗೆ ಹೆದರಬೇಡಿ. ದುಡ್ಡಿಲ್ಲದೆ ಕಾರ್ಡ್ ಬಿಲ್ ಕಟ್ಟಲಾಗದಿರುವುದು ಸಿವಿಲ್ ವಿಷಯ. ಚೆಕ್ ಕೊಟ್ಟು ಅದು ತಿರುಗಿಬಂದರೆ ನೆಗೋಷಿಯಬಲ್ ಇನ್ಸ್‌ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಕ್ರಿಮಿನಲ್ ಕೇಸು ಬರುತ್ತದೆ. ಖಾತೆಯ ಸ್ವಯಂ ಕಡಿತ ತಿರುಗಿಬಂದರೂ ಪಾವತಿ ವ್ಯವಸ್ಥೆಗಳ ಕಾಯ್ದೆಯಲ್ಲಿ ಅಂಥದೇ ಕಲಂ ಇದೆ. ಹಾಗಾಗಿ ಏಜೆಂಟನ ಸಮಾಧಾನಕ್ಕೆಂದು ಮುಂದಿನ ದಿನಾಂಕದ ಚೆಕ್ ಬರೆದುಕೊಡುವುದು ಸಿವಿಲ್ ಸಾಲವನ್ನು ನೀವೇ ಕ್ರಿಮಿನಲ್ ಮಾಡಿಕೊಂಡಂತೆ.

ಮಹಾರಾಷ್ಟ್ರದಲ್ಲಿ ಬರುವ ನೋಟಿಸು ಮರಾಠಿಯಲ್ಲಿರಬಹುದು. ಥಕ್‌ಬಾಕಿ ಎಂದರೆ ಬಾಕಿ, ತಡ್‌ಜೋಡ್ ಎಂದರೆ ರಾಜಿ. ವಸೂಲಿ, ಜಪ್ತಿ ನಮ್ಮವೇ. ಲೋಕ ಅದಾಲತ್ತಿನ ನೋಟಿಸು ಬಂದರೆ ಹೋಗಿ, ಆದರೆ ಕಟ್ಟಲಾಗದ ಕಂತಿಗೆ ಒಪ್ಪಬೇಡಿ. ಅಲ್ಲಿನ ತೀರ್ಪಿಗೆ ಮೇಲ್ಮನವಿಯಿಲ್ಲ. ಉಚಿತ ವಕೀಲರಿಗಾಗಿ 15100.

ರಾಜಿಯ ಮಾತು ಬಂದಾಗ ಮೊತ್ತ, ಕಂತು, ಕೊನೆಯ ದಿನ ಬರೆದ ಪತ್ರ ಬ್ಯಾಂಕಿನ ಅಧಿಕೃತ ಮೇಲ್‌ನಿಂದ ಬರುವವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟುವುದು ಕಾರ್ಡ್ ಖಾತೆಗೇ, ಏಜೆಂಟನ ಯುಪಿಐಗೆ ಅಲ್ಲ. ವರದಿಯಲ್ಲಿ ಅದು "ಸೆಟಲ್ಡ್" ಎಂದು ಬೀಳುತ್ತದೆ, "ಕ್ಲೋಸ್ಡ್" ಎಂದಲ್ಲ. ಮುಂದೆ ಮನೆ ಸಾಲ ಬೇಕಾದಾಗ ಉಳಿದದ್ದನ್ನು ತೀರಿಸಿ ಬದಲಿಸಿಕೊಳ್ಳಬಹುದು. ಬಾಕಿ ಇಲ್ಲವೆಂಬ ಪತ್ರ ಪಡೆದ ಮೇಲೆ ಕಾರ್ಡ್ ಮುಚ್ಚಲು ಅರ್ಜಿ ಕೊಡಿ. ಏಳು ಕೆಲಸದ ದಿನದಲ್ಲಿ ಮುಚ್ಚದಿದ್ದರೆ ದಿನಕ್ಕೆ ₹500ರಂತೆ ಬ್ಯಾಂಕೇ ನಿಮಗೆ ಕೊಡಬೇಕು. ನಾಲ್ಕೂ ಕ್ರೆಡಿಟ್ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತವಾಗಿ ಕೊಡುತ್ತವೆ, ಎರಡು ತಿಂಗಳು ಬಿಟ್ಟು ತೆಗೆದು ನೋಡಿ.

ಕೋಣೆ ಖಾಲಿ ಮಾಡಿ ಊರಿಗೆ ಹೊರಡುವವರು ಮೂರು ಕೆಲಸ ಮುಗಿಸಿ ರೈಲು ಹತ್ತಿ. ಆಧಾರ್‌ಗೆ ಜೋಡಿಸಿದ ಸಿಮ್ ಬದುಕಿರಲಿ, ಪಿಎಫ್ ಒಟಿಪಿ ಬರುವುದು ಅದಕ್ಕೇ. ಬ್ಯಾಂಕಿಗೆ ಹುಬ್ಬಳ್ಳಿಯದೋ ವಿಜಯಪುರದ್ದೋ ವಿಳಾಸ ಲಿಖಿತವಾಗಿ ಕೊಡಿ. ಇಲ್ಲದಿದ್ದರೆ ನೋಟಿಸು ಭಾಂಡುಪದ ಖಾಲಿ ಕೋಣೆಯ ಬಾಗಿಲಿಗೆ ಅಂಟಿ, ನೀವಿಲ್ಲದೆಯೇ ಆದೇಶವಾಗಿಬಿಡುತ್ತದೆ. ಮನೆ ಮಾಲೀಕರಿಂದ ಡೆಪಾಸಿಟ್ ವಾಪಸಾದ ಮೇಲೆಯೇ ಬೀಗದ ಕೈ ಕೊಡಿ.